ಬರೆಯದೆ ಹೋದವರ ಉಯಿಲು

ಮರಣಶಾಸನ ಬರೆಯದೆ ಸತ್ತವನಿಗೂ ಒಂದು ಮರಣಶಾಸನವಿರುತ್ತದೆ. ಅದನ್ನು ಬರೆದಿಟ್ಟಿರುವುದು ಕಾನೂನು. ಕೊಚ್ಚಿಯ ಮಟ್ಟಾಂಚೇರಿಯ ಒಂದೇ ಬೀದಿಯಲ್ಲಿ ಅಂತಹ ಶಾಸನಗಳು ಎಷ್ಟು ಬಗೆ! ಕ್ರೈಸ್ತ ಹೆಣ್ಣುಮಕ್ಕಳ ಪಾಲನ್ನು ಕುರಿತ 1986ರ ಮೇರಿ ರಾಯ್ ತೀರ್ಪು ಬಂದು ಇಷ್ಟು ವರ್ಷಗಳಾದ ಮೇಲೂ, ನಮ್ಮ ಪಾಲನ್ನು ಹಂಚುವ ಕಾನೂನು ಯಾವುದೆಂದು ನಮಗೆ ತಿಳಿದಿದೆಯೇ?

ಮಟ್ಟಾಂಚೇರಿಯ ಬಜಾರ್ ರಸ್ತೆಗೆ ಬೆಳಗಿನ ಹೊತ್ತು ಕಾಲಿಟ್ಟವನಿಗೆ, ಒಣಶುಂಠಿಯ ಮೂಟೆಗಳಿಂದೇಳುವ ಧೂಳೂ ಕರಿಮೆಣಸಿನ ಕಟುಪರಿಮಳವೂ ಹಿನ್ನೀರಿನ ಉಪ್ಪುಗಾಳಿಯೂ ಒಂದಾಗಿ ಬಂದು ಮುತ್ತುವುದರಿಂದ, ಆ ಬೀದಿಯ ಕಟ್ಟಡಗಳನ್ನು ನಿಧಾನವಾಗಿ ನೋಡುವ ವ್ಯವಧಾನ ಒದಗುವುದು ಸ್ವಲ್ಪ ತಡವಾಗಿಯೇ.

ನೋಡತೊಡಗಿದಾಗ ಕಾಣುವುದಿಷ್ಟು. ಒಂದು ಗೋದಾಮಿನ ಬಾಗಿಲು ತೆರೆದಿದೆ, ಕೂಲಿಗಳು ಚೀಲ ಹೊರುತ್ತಿದ್ದಾರೆ. ಪಕ್ಕದ್ದು ಚಿತ್ರಶಾಲೆಯೋ ಕಾಫಿಯಂಗಡಿಯೋ ಆಗಿ ರೂಪಾಂತರ ಹೊಂದಿದೆ. ಅದರಾಚೆಯದಕ್ಕೆ ತುಕ್ಕು ಹಿಡಿದ ಬೀಗ, ಮಾಡಿನ ಹೆಂಚು ಜಾರಿದೆ, ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ ಚಿಗುರಿದೆ. ಈ ಮೂರನೆಯ ಬಗೆಯ ಬಾಗಿಲನ್ನು ತೋರಿಸಿ ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಅದು ಕೇಸಿನಲ್ಲುಂಟು."

ಕೇಸು ಹುಟ್ಟುವುದು ಎಲ್ಲಿ ಎಂಬುದನ್ನು ನೋಡಬೇಕಾದರೆ ಅಂತಹ ಒಂದು ಬೀದಿಯ ಮರದ ಮೆಟ್ಟಿಲೇರಿ ವಕೀಲರ ಕೊಠಡಿಯಲ್ಲಿ ಒಂದು ಮಧ್ಯಾಹ್ನ ಕುಳಿತಿರಬೇಕು. ನಾನು ಕುಳಿತಿದ್ದ ದಿನ ಬಂದವರು ಮಂಜೇಶ್ವರದ ಕಡೆಯಿಂದ ಇಲ್ಲಿನ ಕೊಂಕಣಿ ಮನೆತನಕ್ಕೆ ಮದುವೆಯಾಗಿ ಬಂದ ಒಬ್ಬ ವಿಧವೆ. ಮಂಗಳೂರಿನಲ್ಲಿ ಕಾನೂನು ಓದಿದ್ದ ಆ ವಕೀಲರಿಗೆ ಕನ್ನಡ ಬರುತ್ತಿದ್ದುದರಿಂದ, ಆಕೆ ತವರಿನ ಭಾಷೆಯಲ್ಲಿಯೇ ಮಾತನಾಡಿದರು. ತಂದಿದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಅದರೊಳಗಿಂದ ಒಂದೊಂದಾಗಿ ಹೊರಬಂದವು: ಹಗ್ಗ ಕಟ್ಟಿದ ಹಳೆಯ ಆಧಾರಪತ್ರ, ಹತ್ತಾರು ವರ್ಷಗಳ ಕಂದಾಯದ ರಸೀದಿಗಳು, ಬ್ಯಾಂಕಿನ ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ, ಮತ್ತು ಎಲ್ಲಕ್ಕಿಂತ ಕೆಳಗೆ, ಮಡಿಕೆಗಳಲ್ಲಿ ಹರಿಯತೊಡಗಿದ್ದ, ಶಾಲೆಯ ನೋಟುಪುಸ್ತಕದ ಒಂದು ಹಾಳೆ.

ಆ ಹಾಳೆಯಲ್ಲಿ ಗತಿಸಿದ ಯಜಮಾನರು ಮನೆ ಹೆಂಡತಿಗೆ, ಅಂಗಡಿ ಮಗನಿಗೆ, ಚಿನ್ನ ಮಗಳಿಗೆ ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ತಾರೀಖು ಹಾಕಿ ರುಜು ಮಾಡಿದ್ದರು. ವಕೀಲರು ಅದನ್ನು ಎರಡು ಸಲ ಓದಿ ಹಿಂದುಮುಂದು ತಿರುಗಿಸಿದರು.

"ಇದಕ್ಕೆ ಸಾಕ್ಷಿ ಹಾಕಿದವರು ಯಾರಮ್ಮ?"

"ಸಾಕ್ಷಿ ಎಂತಕ್ಕೆ? ಅವರದ್ದೇ ಅಕ್ಷರ ಅಲ್ವಾ? ಬರೆಯುವಾಗ ನಾನೇ ಪಕ್ಕದಲ್ಲಿ ಕೂತಿದ್ದೆ."

"ಕೂತರೆ ಸಾಲದು. ಅವರು ರುಜು ಹಾಕುವುದನ್ನು ನೋಡಿದ ಇಬ್ಬರು ಕೆಳಗೆ ರುಜು ಹಾಕಿರಬೇಕಿತ್ತು. ಇದು ಉಯಿಲಾಗುವುದಿಲ್ಲ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಅದು ನಾನು ನಿರೀಕ್ಷಿಸಿದ್ದ ಪ್ರಶ್ನೆಯಾಗಿರಲಿಲ್ಲ. "ನಿಮ್ಮ ಅತ್ತೆಯವರು ಇದ್ದಾರೆಯೇ?"

"ಇದ್ದಾರೆ. ತೊಂಬತ್ತು ಆಯ್ತು. ನಾದಿನಿಯ ಮನೆಯಲ್ಲಿದ್ದಾರೆ. ಅವರಿಗೆಂತ ಸಂಬಂಧ ಇದರಲ್ಲಿ?"

ಸಂಬಂಧವಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ಪುರುಷನ ಸ್ವಯಾರ್ಜಿತಕ್ಕೆ ಹೆಂಡತಿ, ಮಕ್ಕಳು ಮತ್ತು ತಾಯಿ, ಇವರೆಲ್ಲರೂ ಮೊದಲ ವರ್ಗದ ವಾರಸುದಾರರು, ಅವರಿಗೆ ಸಮಪಾಲು. ತಂದೆಗೆ ಆ ಪಂಕ್ತಿಯಲ್ಲಿ ಎಡೆಯಿಲ್ಲ, ತಾಯಿಗಿದೆ. ಹೀಗಾಗಿ ಮೂರು ಪಾಲೆಂದುಕೊಂಡಿದ್ದ ಮನೆ ನಾಲ್ಕಾಯಿತು. ಅಷ್ಟೇ ಅಲ್ಲ, ತೊಂಬತ್ತರ ಅತ್ತೆ ನಾಳೆ ತಾನೂ ಏನೂ ಬರೆಯದೆ ಕಣ್ಣುಮುಚ್ಚಿದರೆ, ಆ ನಾಲ್ಕನೆಯ ಪಾಲು ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಂಚಿಹೋಗಿ ನಾದಿನಿಯೂ ಈ ಮನೆಯ ಒಡತಿಯರಲ್ಲಿ ಒಬ್ಬಳಾಗುವಳು. ಅತ್ತೆ ಒಪ್ಪಿದರೆ ಅವರ ಜೀವಿತಕಾಲದಲ್ಲಿಯೇ ಹಕ್ಕು ಬಿಡುಗಡೆಯ ಪತ್ರವನ್ನು ನೋಂದಾಯಿಸಿಕೊಳ್ಳಬಹುದು. ನಡೆದಾಡಲಾರದವರಾದರೆ ನೋಂದಣಾಧಿಕಾರಿಯೇ ಮನೆಗೆ ಬರುವ ಅವಕಾಶ ಕಾಯಿದೆಯಲ್ಲಿದೆ. ಆದರೆ ಇದನ್ನು ಅತ್ತೆಯ ಮುಂದೆ ಎತ್ತುವವರು ಯಾರು?

ಪಾಸ್‌ಬುಕ್ಕಿನ ಮಾತು ಬಂದಾಗ ಆಕೆಯ ಮುಖ ಅರಳಿತು. ನಾಮಿನಿಯಾಗಿ ತನ್ನ ಹೆಸರೇ ಇದೆಯಲ್ಲ! ಅಲ್ಲಿಯೂ ವಕೀಲರು ತಣ್ಣೀರೆರಚಬೇಕಾಯಿತು. ನಾಮಿನಿಯೆಂದರೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದೋ ಅವರು. ಹಣದ ಒಡೆತನ ವಾರಸುದಾರರೆಲ್ಲರದು. ವಿಮೆಯ ವಿಷಯದಲ್ಲಿ, ಅಂದಿನ ಕಾಯಿದೆಯಂತೆ, 1983ರಲ್ಲಿಯೇ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು. ಕಂಪನಿಯ ಷೇರುಗಳ ವಿಷಯದಲ್ಲಿಯೂ ಹಾಗೆಯೇ ಎಂದು 2023ರ ಡಿಸೆಂಬರಿನಲ್ಲಿ ನಿರ್ಣಯಿಸಿತು. ಕಂದಾಯದ ರಸೀದಿಯದೂ ಇದೇ ಗತಿ: ಗ್ರಾಮಕಚೇರಿಯಲ್ಲಿ ಪೋಕ್ಕುವರವು ಮಾಡಿಸಿ, ನಮ್ಮ ಕಡೆ ಪೌತಿ ಖಾತೆ ಮಾಡಿಸಿದ ಹಾಗೆ, ತೆರಿಗೆಯನ್ನು ಒಬ್ಬರ ಹೆಸರಿಗೆ ತಿರುಗಿಸಿಕೊಂಡ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

ಒಂದು ಬೀದಿ, ಹಲವು ಶಾಸನ

ವಕೀಲರು ಮೊದಲು ಕೇಳುವುದು ಆಸ್ತಿ ಎಷ್ಟೆಂದಲ್ಲ, ನೀವು ಯಾರು ಎಂದು: ಯಾವ ಮತ, ಯಾವ ಸಂಪ್ರದಾಯ, ಮದುವೆ ಯಾವ ಕಾಯಿದೆಯಡಿ ನಡೆಯಿತು, ಸತ್ತವರು ತೀರಿಕೊಂಡದ್ದು ಯಾವ ದಿನ. ಬೇರೆಡೆ ಅಪ್ರಸ್ತುತವೆಂದು ಕಾಣಬಹುದಾದ ಈ ಪ್ರಶ್ನೆಗಳು ಮಟ್ಟಾಂಚೇರಿಯಲ್ಲಿ ತೀರ ಸಹಜವಾದವು.

ಹಿನ್ನೀರಿನ ದಡದ ಅರಮನೆಯಿಂದ ಹೊರಟರೆ, ಅದರ ಗೋಡೆಗೆ ತಾಗಿಕೊಂಡಂತೆಯೇ 1568ರ ಪರದೇಸಿ ಯೆಹೂದಿ ಮಂದಿರ. ಸ್ವಲ್ಪ ದೂರದಲ್ಲಿ ಗೌಡ ಸಾರಸ್ವತರ ತಿರುಮಲ ದೇವಸ್ವಂ, ಅತ್ತ ಜೈನರ ಧರ್ಮನಾಥ ಬಸದಿ, ಇತ್ತ ಕಚ್ಛೀ ಮೇಮನರ ಹನಫಿ ಮಸೀದಿ, ನಡುವೆ ಇಗರ್ಜಿಗಳು. ಪ್ರವಾಸಿಗರಿಗೆ ಇದು ಸೌಹಾರ್ದದ ಚಿತ್ರ. ನ್ಯಾಯವಾದಿಗೆ ಇದು ಬೇರೆ ಬೇರೆ ಉತ್ತರಾಧಿಕಾರ ಕ್ರಮಗಳ ಸಾಲು.

ಯೆಹೂದ್ಯರಿಗೂ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ: ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಜೈನರನ್ನು ಹಿಂದೂ ಕಾಯಿದೆಯೇ ಒಳಗೊಳ್ಳುತ್ತದೆ. ಮುಸಲ್ಮಾನರಿಗೆ ಷರೀಯತ್ತಿನ ಅಂಶಗಳು; ಅವರು ಉಯಿಲಿನ ಮೂಲಕ ಕೊಡಬಹುದಾದದ್ದು, ವಾರಸುದಾರರು ಒಪ್ಪದ ಹೊರತು, ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದುಳಿದದ್ದರ ಮೂರನೆಯ ಒಂದು ಭಾಗವನ್ನು ಮಾತ್ರ.

ಇವರಲ್ಲಿಯೂ ಕಚ್ಛೀ ಮೇಮನರ ಚರಿತ್ರೆ ವಿಶೇಷವಾದದ್ದು. ಇಸ್ಲಾಮನ್ನು ಸ್ವೀಕರಿಸಿದ ಮೇಲೂ ಈ ವರ್ತಕ ಜನಾಂಗ ಉತ್ತರಾಧಿಕಾರದಲ್ಲಿ ತಲೆಮಾರುಗಟ್ಟಲೆ ಹಿಂದೂ ಆಚಾರವನ್ನೇ ಅನುಸರಿಸಿಕೊಂಡು ಬಂದಿತ್ತು. ನ್ಯಾಯಾಲಯಗಳೂ ಅದನ್ನು ಮಾನ್ಯಮಾಡಿದ್ದವು. ಬೇಕಾದವರು ಷರೀಯತ್ತಿಗೆ ಸೇರಬಹುದೆಂದು 1920ರಲ್ಲಿ ಒಂದು ಕಾಯಿದೆ ಬಂತು. ಎಲ್ಲರೂ ಸೇರತಕ್ಕದ್ದೆಂದು 1938ರಲ್ಲಿ ಇನ್ನೊಂದು. ಆ ವರ್ಷದ ನವೆಂಬರ್ 1ರ ಹಿಂದಿನ ದಿನ ಸತ್ತವನ ಆಸ್ತಿಗೂ ಮರುದಿನ ಸತ್ತವನ ಆಸ್ತಿಗೂ ಪಾಲಿನ ಲೆಕ್ಕ ಬೇರೆ.

ಅರಮನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿಸಿಕೊಟ್ಟು ಡಚ್ಚರು ದುರಸ್ತಿಮಾಡಿಸಿದ ಈ ಅರಮನೆಯ ಒಡೆಯರಾದ ಕೊಚ್ಚಿಯ ಅರಸರು ಮಾತೃವಂಶೀಯರು. ಪಟ್ಟ ಹೋಗುತ್ತಿದ್ದುದು ಹೆಣ್ಣಿನ ಕವಲಿನಲ್ಲಿ. ತಿರುವಾಂಕೂರಿನೊಡನೆ ಕೊಚ್ಚಿ ವಿಲೀನವಾಗುವುದಕ್ಕೆ ಎರಡು ದಿನ ಮೊದಲು, 1949ರ ಜೂನ್ 29ರಂದು, ಮಹಾರಾಜರು ಒಂದು ಘೋಷಣೆ ಹೊರಡಿಸಿ ವಲಿಯಮ್ಮ ತಂಪುರಾನ್ ಕೋವಿಲಗಂ ಎಸ್ಟೇಟನ್ನೂ ಅರಮನೆಯ ನಿಧಿಯನ್ನೂ ಒಂದು ಮಂಡಳಿಯ ಆಡಳಿತಕ್ಕೆ ಒಪ್ಪಿಸಿದರು. ಏಳು ವರ್ಷಗಳ ಅನಂತರ ಸಂಸತ್ತು ಕೋಟ್ಯಂತರ ಹಿಂದೂಗಳಿಗಾಗಿ ಕಾಯಿದೆ ಮಾಡುವಾಗ, ಅದರ ಐದನೆಯ ಕಲಮಿನಲ್ಲಿ ಈ ಎಸ್ಟೇಟನ್ನು ಹೆಸರಿಟ್ಟು ಹೊರಗಿಟ್ಟಿತು. ಅದರ ವಿಭಾಗಕ್ಕೆಂದೇ ಕೇರಳ 1961ರಲ್ಲಿ ಪ್ರತ್ಯೇಕ ಕಾಯಿದೆಯನ್ನು ತರಬೇಕಾಯಿತು. ರಾಜರ ಮನೆಯ ಪಾಲುಪಟ್ಟಿಗೂ ಕಾನೂನಿನ ನೆರವು ಬೇಕಾಯಿತೆಂಬುದು ನಮ್ಮಂಥವರಿಗೆ ಒಂದು ಸಮಾಧಾನ.

ತಿರುವನಂತಪುರದಲ್ಲಿಯೂ ಇಂತಹುದೇ ಒಂದು ಪ್ರಶ್ನೆ ಎದ್ದಿತು. 1991ರಲ್ಲಿ, ತಿರುವಾಂಕೂರಿನ ಅರಸರಾಗಿದ್ದ ಚಿತ್ತಿರ ತಿರುನಾಳ್ ಬಾಲರಾಮವರ್ಮರು ತೀರಿಕೊಂಡ ಮೇಲೆ ಪದ್ಮನಾಭಸ್ವಾಮಿ ದೇವಾಲಯದ ಸೇವಾಧಿಕಾರ ವಂಶಕ್ಕೆ ಉಳಿಯಿತೇ ಸರಕಾರಕ್ಕೆ ಸಂದಿತೇ ಎಂಬ ವಾದ ನಡೆದು, ಆ ಅಧಿಕಾರ ಸಂಪ್ರದಾಯಾನುಸಾರ ಕುಟುಂಬದಲ್ಲಿಯೇ ಮುಂದುವರಿಯುವುದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು 2020ರ ಜುಲೈ 13ರಂದು.

ಈ ಕಾಯಿದೆಗಳೆಲ್ಲ ರಕ್ತ ಮತ್ತು ವಿವಾಹದ ಲೆಕ್ಕವನ್ನಷ್ಟೇ ಬಲ್ಲವು. ಯೆಹೂದಿ ಬೀದಿಯಲ್ಲಿ ಕಸೂತಿಯ ಅಂಗಡಿ ನಡೆಸುತ್ತಿದ್ದ ಸಾರಾ ಕೊಹೆನ್ 2019ರ ಆಗಸ್ಟಿನಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ವೃದ್ಧಾಪ್ಯದುದ್ದಕ್ಕೂ ಆಕೆಯನ್ನು ನೋಡಿಕೊಂಡಿದ್ದವರು ತಾಹಾ ಇಬ್ರಾಹಿಂ ಎಂಬ ಮುಸಲ್ಮಾನ ಸ್ನೇಹಿತರು. ಇಂತಹ ಬಾಂಧವ್ಯಕ್ಕೆ ವಾರಸುದಾರರ ಯಾವ ವರ್ಗದಲ್ಲಿಯೂ ಸ್ಥಾನವಿಲ್ಲ. ಸ್ನೇಹಿತನಿಗೆ, ಸಾಕಿದವಳಿಗೆ, ಮನೆಕೆಲಸಕ್ಕೆ ಮೂವತ್ತು ವರ್ಷ ಬಂದವಳಿಗೆ ಏನಾದರೂ ಸಲ್ಲಬೇಕೆಂದರೆ ಅದನ್ನು ಬರೆದಿಡಲೇಬೇಕು.

ಮೂವತ್ತೈದು ವರ್ಷ ಸತ್ತಿದ್ದ ಕಾನೂನು

ಫೋರ್ಟ್ ಕೊಚ್ಚಿಯೂ ಮಟ್ಟಾಂಚೇರಿಯೂ ಇಂದು ಕಾಲ್ನಡಿಗೆಯ ಅಂತರದ ಒಂದೇ ಊರು. ಆದರೆ ಸ್ವಾತಂತ್ರ್ಯಪೂರ್ವದಲ್ಲಿ ಫೋರ್ಟ್ ಕೊಚ್ಚಿ ಮದರಾಸು ಆಧಿಪತ್ಯಕ್ಕೆ ಸೇರಿದ ಬ್ರಿಟಿಷ್ ನೆಲ, ಮಟ್ಟಾಂಚೇರಿ ಕೊಚ್ಚಿಯ ಅರಸರ ನೆಲ. ಆ ಗಡಿಯ ಒಂದು ಬದಿಯ ಕ್ರೈಸ್ತ ಮಗಳಿಗೆ ಭಾರತೀಯ ಉತ್ತರಾಧಿಕಾರ ಕಾಯಿದೆಯಿಂದ ಅಣ್ಣತಮ್ಮಂದಿರಿಗೆ ಸಮನಾದ ಪಾಲು. ಇನ್ನೊಂದು ಬದಿಯಲ್ಲಿ ಮಲಯಾಳಿಗಳ ಕೊಲ್ಲಂ ವರ್ಷ 1097ರ ಕೊಚ್ಚಿ ಕ್ರೈಸ್ತ ಉತ್ತರಾಧಿಕಾರ ಶಾಸನ ಆಕೆಯ ಪಾಲನ್ನು ಮಗನ ಪಾಲಿಗಿಂತ ಬಹಳ ಕೆಳಗಿರಿಸಿತ್ತು. ಮನೆ ಗಡಿಯ ಯಾವ ಮಗ್ಗುಲಿನಲ್ಲಿದೆ ಎಂಬುದರ ಮೇಲೆ ಹೆಣ್ಣಿನ ಭಾಗ್ಯ!

ನೆರೆಯ ತಿರುವಾಂಕೂರಿನ, ಕೊಲ್ಲಂ ವರ್ಷ 1092ರ ಶಾಸನ ಇನ್ನೂ ಕೃಪಣವಾದದ್ದು. ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಗಳಿಗೆ. ಕೋಟ್ಟಯಂನಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ (ಲೇಖಕಿ ಅರುಂಧತಿ ರಾಯ್ ಅವರ ತಾಯಿ) ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಮುಖ್ಯ ನ್ಯಾಯಾಧೀಶ ಪಿ.ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಅವರ ಪೀಠ 1986ರ ಫೆಬ್ರುವರಿ 24ರಂದು ತೀರ್ಪಿತ್ತಿತು.

ಆ ತೀರ್ಪನ್ನು ಸಮಾನತೆಯ ಜಯವೆಂದು ನಾವೆಲ್ಲ ಕೊಂಡಾಡುವೆವು, ಕೊಂಡಾಡತಕ್ಕದ್ದೇ. ಆದರೆ ಅದರ ತರ್ಕವನ್ನು ಓದಿದರೆ ಇನ್ನೊಂದು ಬೆರಗು ಕಾದಿರುತ್ತದೆ. ಆ ಶಾಸನ ಸಂವಿಧಾನಕ್ಕೆ ವಿರುದ್ಧವೋ ಅಲ್ಲವೋ ಎಂಬ ಚರ್ಚೆಗೆ ನ್ಯಾಯಾಲಯ ಇಳಿಯಲೇ ಇಲ್ಲ. 'ಬಿ' ಭಾಗದ ರಾಜ್ಯಗಳೆನಿಸಿದ್ದ ಹಳೆಯ ಸಂಸ್ಥಾನಗಳಿಗೆ ಕೇಂದ್ರದ ಕಾಯಿದೆಗಳನ್ನು ವಿಸ್ತರಿಸಿದ 1951ರ ಅಧಿನಿಯಮದಿಂದ, ಆ ವರ್ಷದ ಏಪ್ರಿಲ್ 1ಕ್ಕೇ ತಿರುವಾಂಕೂರಿನ ಶಾಸನ ಅಳಿದುಹೋಗಿತ್ತು ಎಂಬುದಷ್ಟೇ ಅದರ ನಿರ್ಣಯ. ಎಂದರೆ ಮೂವತ್ತೈದು ವರ್ಷಗಳ ಕಾಲ ಸಾವಿರಾರು ಮನೆಗಳು, ಪಾದ್ರಿಗಳು, ಪತ್ರಬರಹಗಾರರು, ಎಷ್ಟೋ ಮಂದಿ ವಕೀಲರೂ ಕೂಡ, ಇಲ್ಲದ ಕಾನೂನನ್ನು ಇದೆಯೆಂದೇ ನಂಬಿ ಹೆಣ್ಣುಮಕ್ಕಳ ಪಾಲನ್ನು ಅಳೆದುಕೊಟ್ಟಿದ್ದರು.

ತೀರ್ಪಿನ ಮರುಗಳಿಗೆಯಲ್ಲಿ ನಡೆದದ್ದನ್ನೂ ಮರೆಯಲಾಗದು. ಪಾಲು ಕೊಡಲೊಲ್ಲದ ತಂದೆಯರು ಉಯಿಲು ಬರೆಯುವುದನ್ನು ಕಲಿತರು. ಏಕೆಂದರೆ ಸಮಪಾಲಿನ ನಿಯಮ ಉಯಿಲಿಲ್ಲದೆ ಸತ್ತವರಿಗೆ ಮಾತ್ರ. ಬರೆದಿಟ್ಟು ಹೋಗುವ ಕ್ರೈಸ್ತನೂ ಹಿಂದೂವೂ ತನ್ನ ಸ್ವಯಾರ್ಜಿತದಲ್ಲಿ ಮಗಳಿಗೆ ಒಂದು ಕಾಸೂ ಇಲ್ಲದಂತೆ ಮಾಡಬಲ್ಲನು. ಉಯಿಲನ್ನು ಹೊಗಳುವವರು, ನಾನೂ ಸೇರಿದಂತೆ, ಈ ಮಾತನ್ನು ಮೆಲ್ಲಗೆ ನುಂಗಿಬಿಡುವುದುಂಟು.

> ಉಯಿಲಿನ ಕಾಗದ
> ಮುದ್ರಾಂಕ ಬೇಡ, ಬಿಳಿಯ ಹಾಳೆ ಸಾಕು. ಬರೆಯುವವರು 18 ತುಂಬಿದವರೂ ಸ್ವಸ್ಥಚಿತ್ತರೂ ಆಗಿರಬೇಕು. ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಅವರಿಗೆ ಒಕ್ಕಣೆ ಓದಿಹೇಳಬೇಕಾದ ಅಗತ್ಯವಿಲ್ಲ. ಆಸ್ತಿ ಪಡೆಯುವವರನ್ನು ಸಾಕ್ಷಿಯಾಗಿಸದಿರುವುದು ಕ್ಷೇಮ: ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗಾಗಲಿ ಆತನ ಹೆಂಡತಿಗಾಗಲಿ ಬರೆದದ್ದು ಬಿದ್ದುಹೋಗುತ್ತದೆ. ಕ್ರೈಸ್ತರು ಉಯಿಲಿನ ಅನಂತರ ಮದುವೆಯಾದರೆ ಉಯಿಲೇ ರದ್ದು. ಹಿಂದೂಗಳಿಗೆ ಈ ನಿಯಮವಿಲ್ಲ. ಮುಸಲ್ಮಾನರ ಉಯಿಲು ಬಾಯಿಮಾತಿನದಾದರೂ ಸಲ್ಲುತ್ತದೆ, ರುಜುವಾತು ಮಾತ್ರ ಕಷ್ಟ.
> ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಅದು ಸೇರುವುದು ಕಚೇರಿಯ 3ನೆಯ ಪುಸ್ತಕಕ್ಕೆ. ಬರೆದವರು ಬದುಕಿರುವವರೆಗೆ ಅವರಿಗೋ ಅವರ ಪ್ರತಿನಿಧಿಗೋ ಹೊರತು ಇನ್ನಾರಿಗೂ ಅದರ ನಕಲು ಸಿಗದು. ಅರಗು ಮುದ್ರೆಯೊತ್ತಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರ ಬಳಿ ಇಡುವುದಕ್ಕೂ ಅವಕಾಶವುಂಟು. ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಅದನ್ನು ಕಾಯತಕ್ಕದ್ದೆಂದು ಕಾಯಿದೆ ವಿಧಿಸಿದೆ.

ಹೊಸದುರ್ಗದಲ್ಲಿ ಎರಡನೆಯ ಮದುವೆ

ಕಾನೂನು ತಾನಾಗಿ ಬರೆದಿಟ್ಟ ಉಯಿಲು ನಮಗೆ ಒಪ್ಪಿಗೆಯಾಗದಿದ್ದರೆ ಏನು ಮಾಡಬಹುದೆಂಬುದಕ್ಕೆ ಕಾಸರಗೋಡು ಜಿಲ್ಲೆಯೇ ಇತ್ತೀಚಿನ ಒಂದು ದೃಷ್ಟಾಂತವನ್ನು ಒದಗಿಸಿದೆ. ನಟರೂ ನ್ಯಾಯವಾದಿಗಳೂ ಆದ ಸಿ. ಶುಕ್ಕೂರ್ ಮತ್ತು ಅವರ ಪತ್ನಿ, ಕಾನೂನಿನ ಪ್ರಾಧ್ಯಾಪಿಕೆ ಶೀನಾ ಶುಕ್ಕೂರ್, 1994ರಲ್ಲಿಯೇ ಇಸ್ಲಾಮಿನ ವಿಧಿಯಂತೆ ಮದುವೆಯಾದವರು. ಅವರಿಗೆ ಮೂವರೂ ಹೆಣ್ಣುಮಕ್ಕಳು. ಗಂಡುಸಂತಾನವಿಲ್ಲದ ತಂದೆಯ ಆಸ್ತಿಯಲ್ಲಿ, ಸುನ್ನಿ ಕ್ರಮದಂತೆ, ಹೆಣ್ಣುಮಕ್ಕಳೆಲ್ಲರಿಗೂ ಸೇರಿ ಮೂರನೆಯ ಎರಡು ಭಾಗ; ಉಳಿಕೆ ತಂದೆಯ ಸೋದರರ ಕಡೆಗೆ ಸಾಗುತ್ತದೆ.

2023ರ ಮಾರ್ಚ್ 8ರಂದು, ಮಹಿಳಾ ದಿನದಂದು, ಈ ದಂಪತಿಗಳು ಹೊಸದುರ್ಗದ ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ 1954ರ ವಿಶೇಷ ವಿವಾಹ ಕಾಯಿದೆಯಡಿ ತಮ್ಮ ಮದುವೆಯನ್ನು ಮತ್ತೆ ನೋಂದಾಯಿಸಿದರು. ಆ ಕಾಯಿದೆಯ 21ನೆಯ ಕಲಮಿನ ಬಲದಿಂದ ಅವರ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟಿತು. ಸೊತ್ತನ್ನು ಮುಟ್ಟದೆ, ಉಯಿಲೊಂದನ್ನೂ ಬರೆಯದೆ, ತಮ್ಮನ್ನಾಳುವ ಕಾನೂನನ್ನೇ ಅವರು ಬದಲಿಸಿಕೊಂಡರು. ಇದಕ್ಕೆ ಆಕ್ಷೇಪಣೆಗಳೂ ಬಂದವು. ಆ ವಿವಾದ ಈ ಲೇಖನದ ವಿಷಯವಲ್ಲ. ಬಲ್ಲವರು ಕಾನೂನನ್ನು ಓದುವ ರೀತಿ ಹೇಗೆಂಬುದಕ್ಕೆ ಮಾತ್ರ ಇದನ್ನು ನೋಡಬೇಕು.

ಕಾಸರಗೋಡಿನಿಂದ ಉಡುಪಿಯವರೆಗಿನ ಅಳಿಯಸಂತಾನದ ಕುಟುಂಬಗಳಿಗೆ ಸಂಬಂಧಿಸಿದ ಒಂದು ಅಂಶವನ್ನೂ ಇಲ್ಲಿ ಹೇಳಿಬಿಡುವೆನು, ಏಕೆಂದರೆ ವಿದ್ಯಾವಂತರೂ ಇದನ್ನು ಅರಿಯರು. ಸಾಮಾನ್ಯ ಹಿಂದೂ ಸ್ತ್ರೀ ಉಯಿಲಿಲ್ಲದೆ ತೀರಿಕೊಂಡರೆ ಆಕೆಯ ಸ್ವಂತ ಆಸ್ತಿ ಮೊದಲು ಹೋಗುವುದು ಮಕ್ಕಳಿಗೆ ಮತ್ತು ಗಂಡನಿಗೆ. ಆದರೆ ಅಳಿಯಸಂತಾನ ಮತ್ತು ಮರುಮಕ್ಕತ್ತಾಯಕ್ಕೆ ಒಳಪಟ್ಟಿದ್ದವರಿಗೆಂದು ಕಾಯಿದೆಯ 17ನೆಯ ಕಲಮು ಬೇರೊಂದು ಕ್ರಮವನ್ನಿಟ್ಟಿದೆ: ಅಲ್ಲಿ ಮೊದಲ ಸ್ಥಾನ ಮಕ್ಕಳಿಗೆ ಮತ್ತು ಆಕೆಯ ತಾಯಿಗೆ, ಗಂಡ ಎರಡನೆಯ ಸಾಲಿನಲ್ಲಿ ಆಕೆಯ ತಂದೆಯೊಡನೆ ನಿಲ್ಲುವನು. ಮಂಗಳೂರಿನಲ್ಲಿ ಹೆಂಡತಿಯ ಹೆಸರಿನಲ್ಲಿ ಫ್ಲ್ಯಾಟು ಕೊಂಡ ಗಂಡಂದಿರು ಇದನ್ನು ವಕೀಲರ ಬಳಿ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಕ್ಕಳಿಲ್ಲದ ಹಿಂದೂ ವಿಧವೆಯರ ಸ್ಥಿತಿ ಇದಕ್ಕಿಂತ ಜಟಿಲ. ಆಕೆ ದುಡಿದು ಗಳಿಸಿದ್ದೂ, ಬರೆದಿಡದಿದ್ದರೆ, ಹೆತ್ತವರಿಗಿಂತ ಮೊದಲು ಗಂಡನ ಕಡೆಯವರಿಗೆ ಸಲ್ಲುತ್ತದೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂತಹ ವ್ಯಾಜ್ಯಗಳ ಹಿನ್ನೆಲೆಯಲ್ಲಿ, ಮಹಿಳೆಯರು, ವಿಶೇಷವಾಗಿ ಹಿಂದೂ ಮಹಿಳೆಯರು, ಉಯಿಲು ಬರೆದಿಡಬೇಕೆಂದು ತಾನೇ ವಿನಂತಿಮಾಡಿಕೊಂಡಿತು. ನ್ಯಾಯಾಲಯಗಳು ಆಜ್ಞಾಪಿಸುವುದು ವಾಡಿಕೆ, ವಿನಂತಿಸುವುದು ಅಪರೂಪ.

ಯಾವ ಪತ್ರ, ಯಾವಾಗ

ವಕೀಲರ ನೆರವೆಂದರೆ ಒಕ್ಕಣೆ ಬರೆಸುವುದೆಂದೇ ಬಹುಜನರ ತಿಳಿವಳಿಕೆ. ಒಕ್ಕಣೆಯನ್ನು ಅನುಭವಿ ಪತ್ರಬರಹಗಾರನೂ ಬರೆದುಕೊಡಬಲ್ಲ. ವಕೀಲನಿಗೆ ಶುಲ್ಕ ಕೊಡುವುದು ಆತ ಕೇಳುವ ಪ್ರಶ್ನೆಗಳಿಗಾಗಿ. ಉಯಿಲೇ ಬೇಕೇ, ದಾನಪತ್ರವೇ, ವ್ಯವಸ್ಥಾಪತ್ರವೇ, ಎಲ್ಲರೂ ಕೂಡಿ ಈಗಲೇ ವಿಭಾಗಪತ್ರ ಮಾಡಿಕೊಳ್ಳುವುದು ಲೇಸೇ? ಉಯಿಲನ್ನು ಸಾಯುವ ತನಕ ಎಷ್ಟು ಸಲವಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ಗಳಿಗೆಯಿಂದ ಆಸ್ತಿ ಕೈಬಿಟ್ಟಂತೆಯೇ.

ಕೈಬಿಟ್ಟ ಮೇಲೆ ಮಗನ ಮುಖ ತಿರುಗಿದರೆ? 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮು, ಪಾಲನೆಪೋಷಣೆಯ ಷರತ್ತಿನ ಮೇಲೆ ಕೊಟ್ಟ ದಾನವನ್ನು, ಷರತ್ತು ಮುರಿದರೆ, ರದ್ದುಮಾಡಿಸಿಕೊಳ್ಳುವ ಹಾದಿಯನ್ನು ತೆರೆದಿದೆ. ಷರತ್ತು ಇತ್ತೆಂಬುದು ಸಿದ್ಧವಾಗಲೇಬೇಕೆಂದು 2022ರ ಒಂದು ತೀರ್ಪು ಬಿಗಿಯಾಗಿ ನುಡಿಯಿತು. ವೃದ್ಧರ ಪರವಾಗಿ ಕಾಯಿದೆಯನ್ನು ಉದಾರವಾಗಿ ಓದಬೇಕೆಂದು 2025ರ ಜನವರಿಯ ಇನ್ನೊಂದು ತೀರ್ಪು ಹೇಳಿತು. ಎರಡನ್ನೂ ಓದಿದವನು ಮಾಡುವುದು ಒಂದೇ ಕೆಲಸ: "ದಾನಪಡೆದವನು ನಮ್ಮನ್ನು ನೋಡಿಕೊಳ್ಳತಕ್ಕದ್ದು" ಎಂಬ ಸಾಲನ್ನು ಪತ್ರದಲ್ಲಿಯೇ ಬರೆಸುವುದು. ಆ ಸಾಲು ಬರೆಸುವುದಕ್ಕೆ ನಮ್ಮ ಹಿರಿಯರಿಗೆ ಸಂಕೋಚ. ಮಗನ ಎದುರಿನಲ್ಲಿ ಅಪನಂಬಿಕೆ ತೋರಿದಂತಾಗುವುದಲ್ಲ ಎಂದು. ವಕೀಲನೆಂಬ ಮೂರನೆಯವನ ಬಾಯಿಂದ ಅದು ಬಂದರೆ ಯಾರ ಮಾನವೂ ಹೋಗುವುದಿಲ್ಲ.

ಉಯಿಲು ಬರೆಸುವಾಗ ಯಾರು ಓಡಾಡಿದರೆಂಬುದೂ ಮುಖ್ಯ. ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಆಧಾರವಾಗಿಟ್ಟುಕೊಳ್ಳುವ ತೀರ್ಪು ಹುಟ್ಟಿದ್ದು ನಮ್ಮ ಮೈಸೂರಿನ ಒಂದು ವ್ಯಾಜ್ಯದಿಂದ: ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ಇವರ ನಡುವಣದು, 1958ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ಬರೆದದ್ದು. ರುಜು ನಡುಗಿದ್ದರೆ, ಬರೆದವರ ಬುದ್ಧಿ ಕುಂದಿತ್ತೆಂಬ ಶಂಕೆಯಿದ್ದರೆ, ಹಂಚಿಕೆ ಅಸಹಜವಾಗಿದ್ದರೆ, ಅದರಲ್ಲಿಯೂ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಆ ಸಂಶಯಗಳನ್ನೆಲ್ಲ ನಿವಾರಿಸುವ ಭಾರ ಉಯಿಲನ್ನು ಮುಂದಿಡುವವನ ಮೇಲೆ. ಆ ಮೊಕದ್ದಮೆಯಲ್ಲಿ ಉಯಿಲು ನಿಲ್ಲಲಿಲ್ಲ. ಆದ್ದರಿಂದ ತಾಯಿಯ ಉಯಿಲನ್ನು ಮಗನೇ ಟೈಪು ಮಾಡಿಸಿ, ಮಗನೇ ಕಾರಿನಲ್ಲಿ ಕರೆದೊಯ್ದು, ಮಗನ ಸ್ನೇಹಿತರೇ ಸಾಕ್ಷಿಗಳಾಗುವ ಏರ್ಪಾಡು ಎಷ್ಟೇ ಸದುದ್ದೇಶದ್ದಾದರೂ ಮುಂದೆ ಮಗಳ ವಕೀಲನಿಗೆ ಹಬ್ಬ.

> ಗಲ್ಫಿನಲ್ಲಿ ಮಕ್ಕಳಿದ್ದರೆ
> ಹೊರದೇಶದಿಂದ ಕಳುಹಿಸಿದ ಮುಖ್ತ್ಯಾರುನಾಮೆ ನಮ್ಮ ದೇಶಕ್ಕೆ ತಲಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಸಲ್ಲಿಸಬೇಕು. ಮುಖ್ತ್ಯಾರು ಕೊಟ್ಟವರು ಸತ್ತ ಕ್ಷಣವೇ ಅದು ನಿಂತುಹೋಗುತ್ತದೆ. "ಅಪ್ಪ ಬರೆದುಕೊಟ್ಟ ಪವರ್ ಇದೆ" ಎಂದು ಅವರ ಮರಣಾನಂತರ ಆಸ್ತಿ ಮಾರಲಾಗದು. ಬ್ಯಾಂಕಿನ ಹಣ ಮತ್ತು ಷೇರುಗಳಿಗೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಜಮೀನಿಗೆ ಆ ಪತ್ರ ಅನ್ವಯಿಸದು. ತಹಶೀಲ್ದಾರರು ಕೊಡುವ ವಾರಸುದಾರರ ಪ್ರಮಾಣಪತ್ರ ಬೇರೆ.

> ಶುಲ್ಕ ಕೊಡಲಾಗದವರಿಗೆ
> 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯುಂಟು. ಕೇರಳದ ಪ್ರಾಧಿಕಾರದ ಕೇಂದ್ರ ಕೊಚ್ಚಿಯಲ್ಲಿ, ಕರ್ನಾಟಕದ್ದು ಬೆಂಗಳೂರಿನಲ್ಲಿ. ತಾಲ್ಲೂಕು ಸಮಿತಿಗಳು ಕೋರ್ಟಿನ ಆವರಣದಲ್ಲಿಯೇ ಸಿಗುವುವು. ದೂರವಾಣಿ: 15100. ದಾವೆ ಹೂಡುವುದಕ್ಕೆ ಮೊದಲೇ ಪಾಲಿನ ಜಗಳವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ.

ಪತ್ರದ ಮೇಲಿನ ತಾರೀಖು

ಮಟ್ಟಾಂಚೇರಿಯ ಕೊಂಕಣಿ ಮನೆಗಳಲ್ಲಿ ಈಗ ಹೆಚ್ಚು ಕೇಳಿಬರುವ ಪ್ರಶ್ನೆ ಬೇರೆಯದೇ. ಕೇರಳ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದುಮಾಡಿತ್ತು. ತರವಾಡುಗಳೆಂಬ ಮಾತೃವಂಶೀಯ ಕೂಡುಮನೆಗಳ ಹೆಣ್ಣುಮಕ್ಕಳಿಗೆ ಅದರಿಂದ ತಲೆಗೊಂದು ಪಾಲು ಸಿಕ್ಕಿತು. ಆದರೆ ಸಾರಸ್ವತರಂತೆ ಪಿತೃವಂಶೀಯ ಮಿತಾಕ್ಷರ ಪದ್ಧತಿಗೆ ಸೇರಿದ ಮನೆಗಳಲ್ಲಿ, ಆ ದಿನ ಹುಟ್ಟಿನಿಂದ ಹಕ್ಕು ಪಡೆದಿದ್ದವರು ಗಂಡಸರೇ ಆದುದರಿಂದ, ಪಿತ್ರಾರ್ಜಿತ ಅವರವರಲ್ಲಿಯೇ ಹಂಚಿಹೋಯಿತು. ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕು ಕೊಟ್ಟ 2005ರ ಕೇಂದ್ರದ ತಿದ್ದುಪಡಿ ಬಂದಾಗ, ಕೇರಳದಲ್ಲಿ ಅವಿಭಕ್ತ ಕುಟುಂಬವೇ ಇಲ್ಲದ ಮೇಲೆ ಅದು ಯಾವುದಕ್ಕೆ ತಗಲುವುದೆಂಬ ವಾದ ಎರಡು ದಶಕ ನಡೆಯಿತು. ಕರ್ನಾಟಕದ ಓದುಗರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ 1994ರಲ್ಲಿಯೇ ಆ ಹಕ್ಕು ಬಂದಿತ್ತು.

2025ರ ಜುಲೈಯಲ್ಲಿ ಕೇರಳ ಹೈಕೋರ್ಟು, ಹಳೆಯ ರಾಜ್ಯಕಾಯಿದೆಯ 3 ಮತ್ತು 4ನೆಯ ಕಲಮುಗಳು ಕೇಂದ್ರದ ತಿದ್ದುಪಡಿಗೆ ವಿರುದ್ಧವಾದುದರಿಂದ ನಿಲ್ಲಲಾರವೆಂದೂ, 2004ರ ಡಿಸೆಂಬರ್ 20ರ ಅನಂತರ ತೀರಿಕೊಂಡ ಹಿಂದೂವಿನ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲುಂಟೆಂದೂ ತೀರ್ಪಿತ್ತಿತು. ಮದುವೆಯಾಗಿ ಮಂಗಳೂರು, ಕಾರ್ಕಳ, ಬೆಂಗಳೂರುಗಳಿಗೆ ಬಂದ ಎಷ್ಟೋ ಮಟ್ಟಾಂಚೇರಿಯ ಹೆಣ್ಣುಮಕ್ಕಳಿಗೆ ಇದು ತವರಿನ ಬಾಗಿಲನ್ನು ಮತ್ತೆ ತೆರೆದಿದೆ. ಎಲ್ಲರಿಗೂ ಅಲ್ಲ. ಆ ತಾರೀಖಿಗೆ ಮುಂಚೆಯೇ ನೋಂದಾಯಿತ ವಿಭಾಗಪತ್ರವಾಗಿದ್ದರೆ, ಇಲ್ಲವೇ ನ್ಯಾಯಾಲಯದ ಡಿಕ್ರಿಯಾಗಿದ್ದರೆ, ಅದನ್ನು ಕೆದಕುವಂತಿಲ್ಲ. ವಕೀಲರ ಬಳಿಗೆ ಹೋಗುವ ಮೊದಲು ಅಣ್ಣನನ್ನು ಕೇಳಿ ಆ ಪತ್ರದ ಒಂದು ನಕಲು ತರಿಸಿಕೊಳ್ಳಬೇಕು. ಅಣ್ಣ ಕೊಡದಿದ್ದರೆ ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಅದು ಯಾರಿಗಾದರೂ ಸಿಗುತ್ತದೆ.